ಹಳೇ ಮೆಟಡೋರ್ ಕ್ಯಾಂಪರ್‌ಗೆ ಕರೆಂಟಲ್ಲಿ ಬಿಸಿಯಾಗೋ ಮುಂದಿನ ಗ್ಲಾಸ್ ಹಾಕಿಸ್ಬೋದಾ?

ಒಂಟಿಕೊಪ್ಪಲ್ ಮೆಟಡೋರ್, ಮೈಸೂರು

ಎಲ್ರಿಗೂ ನಮಸ್ಕಾರ. ನಮ್ಮನೇಲಿ ಎಫ್ 307 ಮೆಟಡೋರ್ ಇದೆ, ನಮ್ಮಪ್ಪ 1992ರಲ್ಲಿ ತಗೊಂಡಿದ್ದು, ಎಷ್ಟೋ ವರ್ಷ ಅದ್ರಲ್ಲೇ ಸ್ಕೂಲ್ ಮಕ್ಕಳನ್ನ ಬಿಟ್ಟು ಕರ್ಕೊಂಡ್ ಬರ್ತಿದ್ರು. ಅವ್ರು ಹೋದ್ಮೇಲೆ ಗಾಡಿ ಮಾರೋಕೆ ಮನಸ್ಸೇ ಬರ್ಲಿಲ್ಲ, ಸೀಟೆಲ್ಲಾ ಬಿಚ್ಚಿಸಿ ಹಿಂದೆ ಇಬ್ರು ಮಲಗೋ ಹಾಗೆ ಮಂಚ, ಸಣ್ಣ ಗ್ಯಾಸ್ ಒಲೆ, ನೀರಿನ ಕ್ಯಾನ್ ಇಡೋಕೆ ಜಾಗ ಮಾಡಿಸ್ದೆ. ಅಮ್ಮಂಗೆ ಈಗ 70, ಆ ಗಾಡೀಲಿ ಕೂತ್ರೆ ಅವ್ರ ಮುಖವೇ ಬೇರೆ ಆಗುತ್ತೆ.

ವಿಷ್ಯ ಏನಂದ್ರೆ ಹೋದ ಜನವರೀಲಿ ಊಟಿಗೆ ಹೋಗಿ ರಾತ್ರಿ ವ್ಯಾನಲ್ಲೇ ಮಲಗಿದ್ವಿ. ಬೆಳಿಗ್ಗೆ ಐದೂವರೆಗೆ ಎದ್ದು ನೋಡಿದ್ರೆ ಗ್ಲಾಸ್ ಹೊರಗಡೆ ಬೆಳ್ಳಗೆ ಹಿಮ ಕೂತಿದೆ, ಒಳಗಡೆ ನೀರು ಇಳೀತಿದೆ. ಹೊರಗಿಂದು ಹೇಗೋ ಕೆರೆದು ತೆಗೆದೆ, ಒಳಗಿಂದು ಮಾತ್ರ ಒರ್ಸಿದ ಎರಡು ನಿಮಿಷಕ್ಕೆ ಮತ್ತೆ ಮಂಕು. ಅಮ್ಮ ಪಕ್ಕದಲ್ಲಿ ಬಟ್ಟೆ ಹಿಡ್ಕೊಂಡು ಒರುಸ್ತಾ ಒರುಸ್ತಾ ಗೂಡಲೂರು ಕಡೆ ಇಳೀತಿದ್ವಿ, ಒಂದು ತಿರುವಲ್ಲಿ ಹಾಲಿನ ಕ್ಯಾನ್ ಕಟ್ಕೊಂಡ್ ಬರ್ತಿದ್ದ ಬೈಕು ಹತ್ರ ಬರೋವರ್ಗೂ ಕಾಣ್ಲೇ ಇಲ್ಲ, ಪೂರ್ತಿ ಬ್ರೇಕ್ ಹೊಡೆದೆ, ದೇವ್ರು ದೊಡ್ಡೋನು ಏನೂ ಆಗ್ಲಿಲ್ಲ. ಅವತ್ತಿಂದ ಅದೇ ಯೋಚನೆ.

ಇಂಗ್ಲೆಂಡಲ್ಲಿ ಹಳೇ ಫೋಕ್ಸ್‌ವ್ಯಾಗನ್ ಕ್ಯಾಂಪರ್‌ಗಳಿಗೆ ಒಳಗೆ ಸಣ್ಣ ತಂತಿ ಇರೋ ಗ್ಲಾಸ್ ಹಾಕ್ತಾರಂತೆ, ಸ್ವಿಚ್ ಒತ್ತಿದ್ರೆ ಬಿಸಿಯಾಗಿ ಐದು ನಿಮಿಷದಲ್ಲಿ ಕ್ಲಿಯರ್ ಆಗುತ್ತಂತೆ. ನಮ್ ಗಾಡಿಗೆ ಆಗುತ್ತಾ? ಕರೆಂಟ್ ಎಷ್ಟು ಎಳೆಯುತ್ತೆ? ಹಿಂದಿನ ಗ್ಲಾಸಿಗೆ ಅಂಟಿಸೋ, ಬಿಸಿಯಾಗಿ ಮಂಕು ತೆಗೆಯೋ ಡಿಫಾಗರ್ ಗೆರೆಗಳು ಸಿಗುತ್ತಲ್ಲ ಅದನ್ನೇ ಮುಂದಕ್ಕೆ ಹಾಕಿದ್ರೆ ಹೇಗೆ? ಗೊತ್ತಿರೋರು ದಯವಿಟ್ಟು ಹೇಳಿ.

ವಿಸಿ ನಾಲೆ ಎಲೆಕ್ಟ್ರಿಕ್ಸ್, ಮಂಡ್ಯ

ಅಣ್ಣ ನಮಸ್ಕಾರ, ಗಾಡಿ ಉಳಿಸ್ಕೊಂಡಿದೀರಲ್ಲ ಅದೇ ಖುಷಿ ಕಣಣ್ಣ. ನಾನು 18 ವರ್ಷದಿಂದ ಗಾಡಿ ವೈರಿಂಗ್ ಕೆಲ್ಸ ಮಾಡ್ತಾ ಇವ್ನಿ, ಕರೆಂಟಿನ ಲೆಕ್ಕ ನಾನ್ ಹೇಳ್ತೀನಿ.

ಮೊದ್ಲು ಅಂಟಿಸೋ ಗೆರೆ ಬೇಡವೇ ಬೇಡ. ಅದು ದಪ್ಪ, ಕಣ್ಣಿಗೆ ಅಡ್ಡ ಬತ್ತದೆ, ಒಳಗಿಂದ ನೀವು ಒಂದ್ಸಲ ಬಟ್ಟೇಲಿ ಜೋರಾಗಿ ಒರೆಸಿದ್ರೆ ಗೆರೆ ಕಿತ್ತು ಹೋಯ್ತದೆ. ಮುಂದಿನ ಗ್ಲಾಸು ಅಂದ್ರೆ ಎರಡು ಗ್ಲಾಸು, ಮಧ್ಯ ಒಂದು ಪ್ಲಾಸ್ಟಿಕ್ ಪದರ, ಅದಕ್ಕೆ ಪಿವಿಬಿ ಅಂತಾರೆ. ಬಿಸಿ ಗ್ಲಾಸಲ್ಲಿ ಕೂದ್ಲಿಗಿಂತ ಸಣ್ಣ ಟಂಗ್‌ಸ್ಟನ್ ತಂತಿ ಆ ಪದರದಲ್ಲಿ ಕೂರಿಸಿ ಆಮೇಲೆ ಶಾಖ ಒತ್ತಡ ಕೊಟ್ಟು ಅಂಟಿಸಿರ್ತಾರೆ. ಅದಕ್ಕೇ ಈಗ ಇರೋ ಗ್ಲಾಸಿಗೆ ಮೇಲಿಂದ ಸೇರ್ಸಕ್ಕೆ ಬರಲ್ಲ, ಹೊಸದಾಗೇ ಮಾಡಿಸ್ಬೇಕು.

ಈಗ ಕರೆಂಟು. ಗ್ಲಾಸು 500 ವ್ಯಾಟ್ ಅಂತ ಇಟ್ಕಳಿ, 12 ವೋಲ್ಟಲ್ಲಿ ಭಾಗಿಸಿದ್ರೆ 42 ಆಂಪಿಯರ್ ಹತ್ರ. ಅದರ ಜೊತೆ ಎರಡು ಹೆಡ್‌ಲೈಟು ಅಂದ್ರೆ ಇನ್ನು 10, ವೈಪರ್ರು ಬೇರೆ. ನಿಮ್ ಆಲ್ಟರ್ನೇಟರ್ (ಇಂಜಿನ್ ಓಡೋವಾಗ ಕರೆಂಟ್ ಮಾಡೋದು) ಮೇಲೆ ಎಷ್ಟು ಆಂಪಿಯರ್ ಅಂತ ಬರ್ದೈತೋ ನೋಡಿ, ಬರ್ದಿರೋದು ಇಂಜಿನ್ ಜೋರಾಗಿ ಓಡೋವಾಗಿನ ಮಾತು, ಬೆಳಿಗ್ಗೆ ಸ್ಟಾರ್ಟ್ ಮಾಡಿ ಐಡ್ಲಿಂಗಲ್ಲಿ ಬುಟ್ರೆ ಅದರ ಅರ್ಧವೂ ಬರಾಕಿಲ್ಲ, ಮಿಕ್ಕಿದ್ದೆಲ್ಲ ಬ್ಯಾಟರಿ ಕೊಡಬೇಕು. ಚಳೀಲಿ ಬ್ಯಾಟರಿ ಮೊದ್ಲೇ ಸೊರಗಿರ್ತದೆ, ಆಗಷ್ಟೇ ಡೀಸೆಲ್ ಇಂಜಿನ್ ಒಳಗೆ ಬಿಸಿ ಮಾಡೋ ಗ್ಲೋ ಪ್ಲಗ್ಗು, ಸ್ಟಾರ್ಟರ್ರು ಎರಡೂ ಎಳ್ಕೊಂಡಿರ್ತವೆ.

ಅದಕ್ಕೆ ಒಂದು ದಾರಿ ಐತೆ. ಈ ಗ್ಲಾಸು ಎಡ ಬಲ ಎರಡು ಭಾಗವಾಗಿ ಬತ್ತದೆ, ಒಂದೊಂದಕ್ಕೂ ಬೇರೆ ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್ಚು), ಬೇರೆ 30 ಆಂಪಿಯರ್ ಫ್ಯೂಸು, ಫ್ಯೂಸು ಬ್ಯಾಟರಿ ಪಕ್ಕದಲ್ಲೇ ಇರ್ಬೇಕು. ಮೊದ್ಲು ಡ್ರೈವರ್ ಕಡೆ ಐದು ನಿಮಿಷ, ಆಮೇಲೆ ಆ ಕಡೆ ಐದು ನಿಮಿಷ, ಆಗ ಒಂದ್ಸಲಕ್ಕೆ 21 ಆಂಪಿಯರ್ ಮಾತ್ರ. ಚಾರ್ಜಿಂಗ್ ಲೈಟ್ ಆರಿದ್ಮೇಲೇ ರಿಲೇ ಎಳೆಯೋ ಹಂಗೆ ಕೊಡಿ, ಜೊತೆಗೆ ಟೈಮರ್ ಇಡಿ. ಮರೆತು ಆನ್ ಮಾಡಿ ಇಳಿದು ಹೋದ್ರೆ ಬ್ಯಾಟರಿ ಪೂರ್ತಿ ಕೂತ್ಕೊಳ್ಳುತ್ತೆ.

ವೈರು ಸಣ್ಣದು ಹಾಕ್ಬ್ಯಾಡಿ. ಎರಡೂ ಭಾಗಕ್ಕೆ ಸೇರ್ಸಿ ಒಂದೇ 2.5 ಸ್ಕ್ವೇರ್ ಎಂಎಂ ವೈರು ಮೂರು ಮೀಟರ್ ಎಳೆದ್ರೆ ದಾರೀಲೇ ಒಂದು ವೋಲ್ಟ್ ಹೋಯ್ತದೆ, 12ರಲ್ಲಿ ಒಂದು ಹೋದ್ರೆ ಶಾಖ ನೂರಕ್ಕೆ ಹದಿನಾರು ಕಮ್ಮಿ, ಯಾಕಂದ್ರೆ ಶಾಖ ವೋಲ್ಟಿನ ವರ್ಗದ ಲೆಕ್ಕ. ವೈರೂ ಬಿಸಿಯಾಯ್ತದೆ ಅದು ಅಪಾಯ. ಒಂದೊಂದು ಭಾಗಕ್ಕೂ 6 ಸ್ಕ್ವೇರ್ ಎಂಎಂ ಹಾಕಿ, ಅರ್ಥಿಂಗ್ ಕೊಡೋ ಜಾಗದಲ್ಲಿ ಪೇಂಟ್ ಕೆರೆದು ಲೋಹ ಹೊಳೆಯೋ ಹಂಗೆ ಮಾಡಿ ಬೋಲ್ಟ್ ಬಿಗೀರಿ. ಹಳೇ ಗಾಡೀಲಿ ಕಂಪ್ಲೇಂಟ್ ಜಾಸ್ತಿ ಬರೋದು ಅರ್ಥಿಂಗಿಂದಾನೇ.

ಇನ್ನೊಂದು ಮಾತು, ನಮ್ ಕಡೆ ಡಿಸೆಂಬರ್‌ನಾಗೆ ಬೆಳಗಾನ ನಾಲೆ ಏರಿ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಹೋಗ್ತಿರ್ತವೆ, ಮಂಜಲ್ಲಿ ಹತ್ತು ಅಡಿ ಮುಂದಿರೋದು ಕಾಣಾಕಿಲ್ಲ. ಆ ರೋಡಿನ ಮಂಜಿಗೆ ಯಾವ ಗ್ಲಾಸೂ ಏನೂ ಮಾಡಾಕಾಗಲ್ಲ, ಗಾಡಿ ಸೈಡಿಗೆ ಹಾಕಿ ಕಾಯೋದೇ.

ಕುಕ್ಕರಹಳ್ಳಿ ಕೆರೆ ಏರಿ, ಮೈಸೂರು

ನಮ್ಮ ಭಾವ ಇಂಗ್ಲೆಂಡಲ್ಲಿ ಇದಾರೆ, ಅವ್ರ ಹತ್ರ 1973ರ ಫೋಕ್ಸ್‌ವ್ಯಾಗನ್ ಟೈಪ್ 2 ಇದೆ, ನಾನು ಅಲ್ಲಿಗೆ ಹೋದಾಗ ಇಬ್ರೂ ಸೇರಿ ಇದೇ ಗ್ಲಾಸ್ ಹಾಕಿದ್ವಿ, ಅದಕ್ಕೆ ಬರೀತಿದೀನಿ. ಇದು ತೀರಾ ಹೊಸ ವಿಷ್ಯವೇನಲ್ಲ, ಫೋರ್ಡ್‌ನವರು ಯೂರೋಪಲ್ಲಿ 1985ರ ಗ್ರನಾಡಾ ಕಾರಿಗೇ ತಂತಿ ಗ್ಲಾಸ್ ಕೊಟ್ಟಿದ್ರು, ಅಲ್ಲಿ ಚಳಿಗಾಲದಲ್ಲಿ ದಿನಾ ಬೆಳಿಗ್ಗೆ ಹಿಮ ಕೆರೆಯೋ ಜನಕ್ಕೆ ಅದು ದೊಡ್ಡ ಅನುಕೂಲ.

ಹಾಕೋ ಕೆಲ್ಸ ಹೇಳ್ತೀನಿ, ನಿಮ್ಮದೂ ರಬ್ಬರ್ ಬೀಡಿಂಗಲ್ಲಿ ಕೂರೋ ಗ್ಲಾಸೇ ಅಲ್ವಾ. ಬೀಡಿಂಗನ್ನ ಮೊದ್ಲು ಗ್ಲಾಸಿಗೆ ಸುತ್ತ ಹಾಕಿ, ಅದರ ಕಾಲುವೇಲಿ ನೈಲಾನ್ ಹಗ್ಗ ಇಟ್ಟು, ಸೋಪಿನ ನೀರು ಹಚ್ಚಿ, ಒಬ್ರು ಹೊರಗಿಂದ ಅಂಗೈಲಿ ಒತ್ತೋದು ಒಬ್ರು ಒಳಗಿಂದ ಹಗ್ಗ ನಿಧಾನಕ್ಕೆ ಎಳೆಯೋದು, ಬೀಡಿಂಗ್ ತುಟಿ ತಾನಾಗೇ ಫ್ರೇಮ್ ಮೇಲೆ ಹತ್ತುತ್ತೆ. ಬಿಸಿ ಗ್ಲಾಸಲ್ಲಿ ಒಂದು ಜಾಸ್ತಿ ಕಾಳಜಿ, ಅಂಚಿಂದ ಚಪ್ಪಟೆ ಪಟ್ಟಿ ಥರ ವೈರು ಹೊರಗೆ ಬಂದಿರುತ್ತೆ, ಅದನ್ನ ಬೀಡಿಂಗ್ ಅಡಿಯಿಂದ ಒಳಗೆ ತರ್ಬೇಕು, ಅಲ್ಲಿ ಮಡಿಚಿ ಮುರಿದ್ರೆ ಗ್ಲಾಸೇ ವೇಸ್ಟು, ಒಳಗೆ ಕೈ ಹಾಕಿ ರಿಪೇರಿ ಮಾಡೋಕಾಗಲ್ಲ. ಕೂರಿಸೋಕ್ ಮುಂಚೆನೂ ಕೂರಿಸಿದ್ಮೇಲೂ ಮಲ್ಟಿಮೀಟರಲ್ಲಿ ಓಮ್, ಅಂದ್ರೆ ತಂತಿಯ ರೆಸಿಸ್ಟೆನ್ಸ್, ನೋಡಿ ಬರ್ಕೊಳ್ಳಿ, ಮೇಲೆ ಮಂಡ್ಯದವ್ರು ಹೇಳಿದ ಲೆಕ್ಕಕ್ಕೆ ಒಂದೊಂದು ಭಾಗ 0.6 ಓಮ್ ಆಸುಪಾಸು ಬರ್ಬೇಕು. ಹಳೇ ಗ್ಲಾಸ್ ತೆಗೆದಾಗ ಕೆಳಗಿನ ಎರಡು ಮೂಲೇಲಿ ತುಕ್ಕು ಇದ್ರೆ ಟಿಂಕರ್ ಕೈಲಿ ಮೊದ್ಲು ಅದನ್ನ ಸರಿ ಮಾಡಿಸಿ, ಇಲ್ಲಾಂದ್ರೆ ಫ್ರೇಮ್ ಸಮ ಇಲ್ದೆ ಹೊಸ ಗ್ಲಾಸು ಅಲ್ಲೇ ಬಿರುಕು ಬಿಡುತ್ತೆ.

ಫಲಿತಾಂಶ ನಿಜ್ವಾಗ್ಲೂ ಚೆನ್ನಾಗಿತ್ತು, ಐದಾರು ನಿಮಿಷಕ್ಕೆ ಪೂರ್ತಿ ಗ್ಲಾಸ್ ಕಾಣ್ತಿತ್ತು. ರಾತ್ರಿ ಎದುರಿಂದ ಲೈಟ್ ಬಿದ್ದಾಗ ತಂತಿ ಸ್ವಲ್ಪ ಮಿನುಗುತ್ತೆ, ಎರಡು ದಿನದಲ್ಲಿ ಅಭ್ಯಾಸ ಆಯ್ತು.

ಆದ್ರೆ ಒಂದು ಯೋಚ್ನೆ ಮಾಡಿ. ಭಾವನ ಗಾಡೀಲಿ ಇಂಜಿನ್ ಹಿಂದೆ ಇದೆ, ಅದೂ ಗಾಳಿಯಲ್ಲಿ ತಣ್ಣಗಾಗೋದು, ರೇಡಿಯೇಟರ್ರೇ ಇಲ್ಲ. ಸೈಲೆನ್ಸರ್ ಹತ್ರ ಬಿಸಿಯಾದ ಗಾಳಿ ಗಾಡಿ ಅಡಿಯಲ್ಲಿ ಉದ್ದಕ್ಕೂ ಪೈಪಲ್ಲಿ ಬಂದು ಮುಂದಿನ ಗ್ಲಾಸಿಗೆ ಸೇರೋಷ್ಟರಲ್ಲಿ ತಣ್ಣಗಾಗಿರುತ್ತೆ. ಅದಕ್ಕೇ ಅವ್ರಿಗೆ ಕರೆಂಟ್ ಗ್ಲಾಸ್ ಬಿಟ್ರೆ ಬೇರೆ ಒಳ್ಳೇ ದಾರಿ ಇಲ್ಲ. ನಿಮ್ಮದು ನೀರಲ್ಲಿ ತಣ್ಣಗಾಗೋ ಡೀಸೆಲ್ ಇಂಜಿನ್ನು, ಅದೂ ಡ್ರೈವರ್ ಪಕ್ಕದಲ್ಲೇ ಬಾಕ್ಸ್ ಒಳಗೆ ಕೂತಿದೆ. ಬಿಸಿ ನೀರು ಗ್ಲಾಸಿಂದ ಒಂದು ಮಾರು ದೂರದಲ್ಲಿದೆ ಸಾರ್! ಸಣ್ಣ ಹೀಟರ್ ಕೋರ್ (ಇಂಜಿನ್ನಿನ ಬಿಸಿ ನೀರು ಹರಿಯೋ ಪುಟ್ಟ ರೇಡಿಯೇಟರ್) ಒಂದು, ಗಾಳಿ ಊದೋ ಬ್ಲೋವರ್ ಒಂದು, ಗ್ಲಾಸ್ ಕೆಳಗೆ ಉದ್ದ ಬಾಯಿ ಇರೋ ಡಕ್ಟು, ಇಷ್ಟಕ್ಕೆ ಇಡೀ ದಾರಿ ಬಿಸಿ ಗಾಳಿ ಬರುತ್ತೆ, ಆಲ್ಟರ್ನೇಟರ್ ಮೇಲೆ ಬ್ಲೋವರ್ ಲೋಡ್ ಮಾತ್ರ. ಇಂಜಿನ್ ಬಿಸಿಯಾಗೋಕೆ ಹತ್ತು ಹದಿನೈದು ನಿಮಿಷ ಬೇಕು ಅನ್ನೋದೊಂದೇ ಕೊರತೆ. ಮೆಟಡೋರ್ ಅಳತೆಗೆ ತಂತಿ ಗ್ಲಾಸ್ ರೆಡಿಮೇಡ್ ನಾನೆಲ್ಲೂ ನೋಡಿಲ್ಲ, ಮಾಡಿಸೋದಾದ್ರೂ ಲ್ಯಾಮಿನೇಟೆಡ್ ಇರ್ಬೇಕು, ಬೆಳಕು ನೂರಕ್ಕೆ 70 ಭಾಗ ಒಳಗೆ ಬರ್ಬೇಕು, ಅದು ಕಾನೂನು.

ಚಕ್ರ ತಿರುಗಲಿ, ಶ್ರೀರಂಗಪಟ್ಣ

ಅಣ್ಣ, ನಾನೂ ನಮ್ ಯಜಮಾನ್ರೂ ಓಮ್ನಿಯಲ್ಲಿ ಮಲ್ಕೊಂಡು ಊರೂರು ಸುತ್ತೋರು, ಮಡಿಕೇರಿ ಮಳೇಲೂ ಮಲಗಿದೀವಿ. ನಿಮ್ ಪೋಸ್ಟಲ್ಲಿ ನಂಗೆ ಕಣ್ಣಿಗೆ ಹೊಡೆದಿದ್ದು ಆ ಗ್ಯಾಸ್ ಒಲೆ. ಬೆಳಿಗ್ಗೆ ಎದ್ದು ಅಮ್ಮಂಗೆ ಕಾಫಿ ಒಳಗೇ ಕಾಯ್ಸಿದ್ರಾ? ಒಂದು ಕೆಜಿ ಗ್ಯಾಸ್ ಉರಿದ್ರೆ ಒಂದೂವರೆ ಲೀಟರಿಗಿಂತ ಜಾಸ್ತಿ ನೀರು ಆವಿಯಾಗಿ ಬರುತ್ತೆ, ಕಾಫಿ ಕುದ್ದ ಆವಿ ಬೇರೆ. ಅದ್ರ ಮೇಲೆ ರಾತ್ರಿ ಎಲ್ಲಾ ಇಬ್ರ ಉಸಿರು, ಬೆಳಗಾಗೋಷ್ಟರಲ್ಲಿ ತಲಾ ಒಂದು ಲೋಟದಷ್ಟು ನೀರು ಗಾಳಿಗೆ ಸೇರಿರುತ್ತೆ. ಅದೆಲ್ಲಾ ಹೋಗಿ ಕೂರೋದು ಎಲ್ಲಕ್ಕಿಂತ ತಣ್ಣಗಿರೋ ಜಾಗದಲ್ಲಿ, ಅಂದ್ರೆ ಮುಂದಿನ ಗ್ಲಾಸಲ್ಲಿ. ನೀವು ಒರ್ಸಿದಷ್ಟೂ ಬರ್ತಿತ್ತಲ್ಲ, ಮಂಚದ ಹಾಸಿಗೆ, ಹೊದಿಕೆ, ಪರದೆ ಎಲ್ಲಾ ತೇವ ಹಿಡ್ಕೊಂಡಿತ್ತು ಅದಕ್ಕೇ.

ನಾವು ಮಾಡೋದು ಇಷ್ಟೇ, ರಾತ್ರಿ ಎದುರು ಬದುರು ಎರಡು ಕಿಟಕಿ ಒಂದೊಂದು ಬೆರಳು ತೆಗೆದಿಡ್ತೀವಿ ಸೊಳ್ಳೆ ಪರದೆ ಹಾಕಿ, ಮುಂದಿನ ಸೀಟಿಗೂ ಮಲಗೋ ಜಾಗಕ್ಕೂ ಮಧ್ಯ ದಪ್ಪ ಪರದೆ, ಒಲೆ ಯಾವಾಗ್ಲೂ ಹೊರಗೆ. ಮುಚ್ಚಿದ ಗಾಡೀಲಿ ಒಲೆ ಹಚ್ಚೋದು ಉಸಿರಿಗೂ ಅಪಾಯ, ಅಮ್ಮ ಜೊತೆಗಿರ್ತಾರೆ ಅಂದ್ಮೇಲೆ ದಯವಿಟ್ಟು ಅದೊಂದು ನಿಲ್ಸಿ ಅಣ್ಣ. ಹಿಮ ಬಿದ್ದಿರೋ ಗ್ಲಾಸಿಗೆ ಬಿಸಿ ನೀರು ಸುರಿಯೋದನ್ನೂ ನೋಡಿದೀನಿ, ಗ್ಲಾಸ್ ಒಡ್ದು ಹೋಗುತ್ತೆ. ರಾತ್ರಿನೇ ಹೊರಗಿಂದ ಒಂದು ದಪ್ಪ ಟಾರ್ಪಾಲ್ ತುಂಡು ವೈಪರ್‌ಗೆ ಸಿಗಿಸಿಬಿಟ್ರೆ ಹಿಮ ಅದರ ಮೇಲೆ ಕೂರುತ್ತೆ, ಬೆಳಿಗ್ಗೆ ಎತ್ತಿ ಕೊಡವಿದ್ರೆ ಆಯ್ತು.

ಒಂಟಿಕೊಪ್ಪಲ್ ಮೆಟಡೋರ್, ಮೈಸೂರು

ತಂಗಿ, ಕಾಫಿ ಒಳಗೇ ಕಾಯ್ಸಿದ್ದೆ ಕಣಮ್ಮ, ಅಮ್ಮಂಗೆ ಚಳಿ ಅಂತ. ಇನ್ಮೇಲೆ ಇಲ್ಲ.

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಮೀಟರ್ ಹಿಡಿದು ನೋಡ್ದೆ, ಐಡ್ಲಿಂಗಲ್ಲಿ ಹೆಡ್‌ಲೈಟ್ ಹಾಕಿದ್ರೆ ಬ್ಯಾಟರೀಲಿ 12.4 ವೋಲ್ಟ್ ತೋರಿಸ್ತಿದೆ, ಇಂಜಿನ್ ಸ್ವಲ್ಪ ಜೋರು ಮಾಡಿದ್ರೂ 13 ದಾಟ್ತಿಲ್ಲ. ಅಂದ್ರೆ ಈಗಿರೋ ಲೋಡೇ ಕಷ್ಟ, ಇದರ ಮೇಲೆ 42 ಆಂಪಿಯರ್ ಹೇಗೆ ಹಾಕ್ಲಿ. ಅದಕ್ಕೆ ಮೊದ್ಲು ಆಲ್ಟರ್ನೇಟರ್ ಬಿಚ್ಚಿಸಿ ನೋಡ್ತೀನಿ, ಆಮೇಲೆ ಹೀಟರ್ ಕೋರ್. ಬನ್ನಿಮಂಟಪದ ಹತ್ರ ನಮ್ಮಪ್ಪನ ಕಾಲದಿಂದ ಈ ಗಾಡಿ ನೋಡ್ತಿರೋ ಮೇಸ್ತ್ರಿ ಒಬ್ರು ಇದಾರೆ, ಗುಜರೀಲಿ ಯಾವ್ದಾದ್ರೂ ಜೀಪಿನ ಕೋರ್ ಸಿಕ್ರೆ ಕೂರಿಸ್ಕೊಡ್ತೀನಿ ಅಂದಿದಾರೆ. ಗ್ಲಾಸ್ ಆಸೆ ಬಿಟ್ಟಿಲ್ಲ, ಚಾರ್ಜಿಂಗ್ ಸರಿಯಾದ್ಮೇಲೆ ಡ್ರೈವರ್ ಕಡೆ ಅರ್ಧಕ್ಕೆ ಮಾತ್ರ ತಂತಿ ಇರೋ ಹಾಗೆ ಮಾಡಿಸ್ಬೋದಾ ಅಂತ ವಿಚಾರಿಸ್ತೀನಿ. ಆ ಮೊದಲ ಹದಿನೈದು ನಿಮಿಷಕ್ಕೆ ಅಷ್ಟು ಸಾಕು ಅನ್ಸುತ್ತೆ.

ವಿಸಿ ನಾಲೆ ಎಲೆಕ್ಟ್ರಿಕ್ಸ್, ಮಂಡ್ಯ

ಸರಿಯಾದ ದಾರಿ ಹಿಡಿದ್ರಿ ಅಣ್ಣ. 13 ದಾಟ್ತಿಲ್ಲ ಅಂದ್ರೆ ಬಿಚ್ಚೋಕ್ ಮುಂಚೆ ಬೆಲ್ಟ್ ಬಿಗಿ ಐತಾ ನೋಡಿ, ಅದಾದ್ಮೇಲೆ ಕಾರ್ಬನ್ ಬ್ರಷ್, ರೆಗ್ಯುಲೇಟರ್ರು. ಎಷ್ಟೋ ಸಲ ಬ್ರಷ್ ಸವೆದಿರೋದಷ್ಟೇ ಇರ್ತದೆ, ಪೂರ್ತಿ ಆಲ್ಟರ್ನೇಟರ್ ಬದಲಾಯಿಸು ಅಂದ್ರೆ ಒಪ್ಕೋಬ್ಯಾಡಿ. ಗುಜರಿ ಕೋರ್ ಹಾಕೋಕ್ ಮುಂಚೆ ನೀರು ಬುಟ್ಟು ಎರಡೂ ಕಡೆಯಿಂದ ತೊಳೀರಿ, ಸೋರ್ತದಾ ನೋಡಿ, ರೇಡಿಯೇಟರಿಗೆ ಬರೀ ನಲ್ಲಿ ನೀರು ಹಾಕ್ತಿದ್ರೆ ನಿಲ್ಸಿ ಕೂಲಂಟ್ ಹಾಕಿ, ಇಲ್ಲಾಂದ್ರೆ ಒಂದು ವರ್ಷಕ್ಕೆ ತುಕ್ಕು ಕಟ್ಕೊಂಡು ಕೋರ್ ಬ್ಲಾಕ್ ಆಯ್ತದೆ. ಪೈಪಿಗೊಂದು ವಾಲ್ವ್ ಇಡಿಸಿ, ಏಪ್ರಿಲಲ್ಲಿ ನಮ್ ಮಂಡ್ಯ ಬಿಸಿಲಿಗೆ ಅದನ್ನ ಮುಚ್ಚಲೇಬೇಕು.

ಗ್ಲಾಸ್ ಮಾಡಿಸೋ ಕಾಲಕ್ಕೆ ತಂತೀದೇ ಕೇಳಿ, ಪೂರ್ತಿ ಲೋಹದ ಕೋಟಿಂಗ್ ಇರೋದು ಬ್ಯಾಡ. ಅದ್ರ ಹಿಂದೆ ಫಾಸ್ಟ್‌ಟ್ಯಾಗ್ ಅಂಟಿಸಿದ್ರೆ ಸರಿಯಾಗಿ ರೀಡ್ ಆಗಲ್ಲ, ಗಣಂಗೂರು ಟೋಲಲ್ಲಿ ಹಿಂದಿನೋರು ಹಾರನ್ ಹೊಡೀತಾ ನಿಂತಿರ್ತಾರೆ. ಆಲ್ಟರ್ನೇಟರ್ ಬಿಚ್ಚಿದ ದಿನ ಫೋಟೋ ಹಾಕಿ, ಬ್ರಷ್ ಎಷ್ಟು ಉಳ್ದೈತೆ ಅಂತ ಹೇಳ್ತೀನಿ.