ಸಹಾಯ ಬೇಕು: ಲಾಕ್ ಲೋಮಂಡ್ ಪಕ್ಕ ಒಂದು ರಾತ್ರಿ ಎಲ್ಲಿ ಮಲಗುವುದು?

ನಮಸ್ಕಾರ. ಸ್ಕಾಟ್ಲೆಂಡಿನ ವೆಸ್ಟ್ ಹೈಲ್ಯಾಂಡ್ ವೇ ಎಂಬ ದೂರದ ಕಾಲ್ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ದಯವಿಟ್ಟು ಓದಿ.

ಮೇ ಕೊನೆಯಲ್ಲಿ ನಾನು ಮತ್ತು ಅಕ್ಕ ಹೊರಟಿದ್ದೇವೆ. ಗ್ಲಾಸ್ಗೋ ಪಕ್ಕದಿಂದ ಫೋರ್ಟ್ ವಿಲಿಯಂವರೆಗೆ 154 ಕಿ.ಮೀ. ಟೆಂಟು, ಒಲೆ, ಅವಲಕ್ಕಿ, ಪುಳಿಯೋಗರೆ ಗೊಜ್ಜು ಎಲ್ಲ ಬೆನ್ನ ಮೇಲೆಯೇ. ಅಕ್ಕನಿಗೆ ಇದು ಬಹಳ ದಿನದ ಆಸೆ, ಹೇಗಾದರೂ ಪೂರ್ತಿ ಮಾಡಿಸಬೇಕು.

2003ರ ಭೂ ಸುಧಾರಣಾ ಕಾಯ್ದೆಯ ಪ್ರಕಾರ ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ಟೆಂಟ್ ಹಾಕಲು ಸಾಮಾನ್ಯವಾಗಿ ಅನುಮತಿ ಬೇಡ. ಆದರೆ ಲಾಕ್ ಲೋಮಂಡ್ ಸರೋವರದ ಪೂರ್ವ ದಡದಲ್ಲಿ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಹಾಗಿಲ್ಲ. ಅಲ್ಲಿ ಪರ್ಮಿಟ್ ಬೇಕು, ಇಲ್ಲವೇ ಕ್ಯಾಂಪ್‌ಸೈಟ್ ಬುಕ್ ಮಾಡಬೇಕು. ನಮ್ಮ ದಿನಾಂಕಕ್ಕೆ ಎರಡೂ ಸಿಗುತ್ತಿಲ್ಲ. ಅದೇ ದಡದ ರೋವರ್ಡೆನನ್ ಎಂಬಲ್ಲಿನ ಹಾಸ್ಟೆಲ್ ಕೂಡ ಭರ್ತಿ. ದಿನಾಂಕ ಬದಲಿಸೋಣ ಎಂದರೆ ಅಕ್ಕನ ರಜೆ ಸಿಗುವುದಿಲ್ಲ, ಮುಂದೆ ಹೋದಷ್ಟೂ ಮಿಡ್ಜ್ ಎಂಬ ಕಚ್ಚುವ ಪುಟ್ಟ ನೊಣಗಳ ಕಾಟ ಜಾಸ್ತಿ.

ಉಳಿದ ದಾರಿ ಒಂದೇ. ಸರೋವರಕ್ಕೆ ಮುಂಚೆ ಸಿಗುವ ಡ್ರಿಮನ್ ಹಳ್ಳಿಯ ಬಳಿ ಮಲಗಿ, ಮರುದಿನ ಕಾನಿಕ್ ಹಿಲ್ ಹತ್ತಿಳಿದು, ರೋವರ್ಡೆನನ್ ದಾಟಿ, ಪರ್ಮಿಟ್ ವಲಯ ಮುಗಿದ ಮೇಲೆ ನಿಲ್ಲುವುದು. ರೋವರ್ಡೆನನ್‌ಗೇ 22 ಕಿ.ಮೀ. ಆಗುತ್ತದೆ. ಅಕ್ಕನಿಗೆ ಇಳಿಜಾರಿನಲ್ಲಿ ಮಂಡಿ ನೋಯುತ್ತದೆ, ಅದೇ ಚಿಂತೆ. ಆಮೇಲೆ ದಡದ ದಾರಿಯೆಲ್ಲ ಬಂಡೆ, ಬೇರು ಅಂತಾರೆ. ಮ್ಯಾಪಿನಲ್ಲಿ ಆ ವಲಯದ ಆಚೆ ರೋಕೋಯಿಶ್ ಬೋಥಿ ಎಂಬ, ನಡೆಯುವವರು ತಂಗುವ ಸರಳ ಕಲ್ಲಿನ ಮನೆ ಕಾಣುತ್ತದೆ. ಬೋಥಿಗಳಿಗೆ ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಜಾಗ.

ನನ್ನ ಪ್ರಶ್ನೆ ಇಷ್ಟೇ: ಸಂಜೆ ಅಲ್ಲಿಗೆ ತಲುಪಿದಾಗ ಬೋಥಿ ತುಂಬಿದ್ದರೆ, ಅಲ್ಲಿಗೂ ದಾರಿಯಲ್ಲಿ ಮುಂದೆ ಸಿಗುವ ಇನ್ವರ್‌ಸ್ನೇಡ್ ಊರಿಗೂ ನಡುವೆ ಪರ್ಮಿಟ್ ಇಲ್ಲದೆ ಇಬ್ಬರ ಟೆಂಟ್ ಹಾಕುವಷ್ಟು ಸಮತಟ್ಟಾದ, ಒಣಗಿದ ಜಾಗ ಸಿಗುತ್ತದೆಯೇ?