ತರಗತಿಯಲ್ಲಿ ಗೂಗಲ್, ಯೂಟ್ಯೂಬ್: ನೆಟ್ ಸರಿಯಾಗಿ ಸಿಗದ ಶಾಲೆಯಲ್ಲಿ ಬಳಸೋದು ಹೇಗೆ?

ಪ್ರಶ್ನೆ: ಸಮಾಜ ವಿಜ್ಞಾನ ಶಿಕ್ಷಕಿ, ಸಕಲೇಶಪುರ ತಾಲ್ಲೂಕು

ನಮ್ಮದು ಪ್ರೌಢಶಾಲೆ. ತರಗತಿಯಲ್ಲಿ 43 ಇಂಚಿನ ಟಿವಿ ಇದೆ, ಯುಎಸ್‌ಬಿ, ಎಚ್‌ಡಿಎಂಐ ಎರಡೂ ಇವೆ. ನೆಟ್ ಅಂದರೆ ಫೋನಿನ ಹಾಟ್‌ಸ್ಪಾಟ್ ಅಷ್ಟೇ. ಮಳೆ ಹಿಡಿದರೆ ಅದೂ ಇಲ್ಲ, ಕರೆಂಟೂ ಇಲ್ಲ. ಹೊಯ್ಸಳರ ಪಾಠಕ್ಕೆ ಚಿತ್ರ, ವಿಡಿಯೊ ತೋರಿಸಬೇಕು. ಮಕ್ಕಳ ಮುಂದೆ ಹುಡುಕಿದರೆ ಹೋಟೆಲ್ ಬುಕಿಂಗ್, ಪ್ರವಾಸದ ವ್ಲಾಗ್ ಇವೇ ಮೊದಲು ಬರುತ್ತವೆ. 40 ನಿಮಿಷದ ಪೀರಿಯಡ್‌ನಲ್ಲಿ ಇದನ್ನೆಲ್ಲ ಹೇಗೆ ಹೊಂದಿಸಿಕೊಳ್ಳುತ್ತೀರಿ?

ಉತ್ತರ 1: ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ತರಬೇತುದಾರ, ಹಾಸನ

ಮೇಡಂ, ತರಗತಿಯಲ್ಲಿ ಹುಡುಕಲೇಬೇಡಿ. ಅದು ಹಿಂದಿನ ದಿನದ ಕೆಲಸ.

ಬರೀ ‘ಬೇಲೂರು’ ಅಂತ ಹೊಡೆದರೆ ಪ್ರವಾಸದ ಪುಟಗಳೇ ಬರೋದು. ಬೇಡದ ಪದ ಬರೆಯುವ ಮೊದಲು ಮೈನಸ್ ಚಿಹ್ನೆ ಹಾಕಿ, ನಡುವೆ ಜಾಗ ಬಿಡಬೇಡಿ: ಬೇಲೂರು ಶಾಸನ -ಹೋಟೆಲ್. ಒಂದೇ ತಾಣದೊಳಗೆ ಹುಡುಕಲು ಇಂಗ್ಲಿಷ್ ಅಕ್ಷರದಲ್ಲಿ ‘ಸೈಟ್’, ಕೋಲನ್, ತಕ್ಷಣ ತಾಣದ ವಿಳಾಸ. ಕೋಲನ್ ಆದಮೇಲೆ ಜಾಗ ಬಿಟ್ಟರೆ ಕೆಲಸ ಮಾಡಲ್ಲ. ‘ಫೈಲ್‌ಟೈಪ್’ ಹಾಕಿ ಪಿಡಿಎಫ್ ಮಾತ್ರ ತರಿಸುವುದೂ ಹೀಗೆಯೇ.

ಕನ್ನಡದಲ್ಲಿ ಹುಡುಕುವಾಗ ವಿಭಕ್ತಿ ಬಿಟ್ಟು ಮೂಲ ಪದ ಕೊಡಿ. ‘ಹೊಯ್ಸಳರ’ ಅನ್ನುವುದಕ್ಕಿಂತ ‘ಹೊಯ್ಸಳ’ ವಾಸಿ. ಹಳೇಬೀಡು, ಹಳೆಬೀಡು, ದ್ವಾರಸಮುದ್ರ, ದೋರಸಮುದ್ರ ಒಂದೇ ಊರಿನ ಹೆಸರುಗಳು, ಎಲ್ಲವನ್ನೂ ಒಮ್ಮೊಮ್ಮೆ ಹಾಕಿ ನೋಡಿ. ಇನ್ನೊಂದು ವಿಚಾರ ಬಹಳ ಜನರ ಗಮನಕ್ಕೆ ಬರಲ್ಲ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೇ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡ, ಸರ್ಚ್ ಎಂಜಿನ್‌ಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಆದ್ದರಿಂದ ಕನ್ನಡದಲ್ಲಿ ಏನೂ ಸಿಗಲಿಲ್ಲ ಅಂದಮಾತ್ರಕ್ಕೆ ಮಾಹಿತಿಯೇ ಇಲ್ಲ ಅಂತಲ್ಲ; ಇಂಗ್ಲಿಷಿನಲ್ಲೂ ಒಮ್ಮೆ ಹುಡುಕಿ.

ಮೇಲೆ ಬರುವ ಎಐ ಸಾರಾಂಶದಿಂದ ಇಸವಿ, ಅಳತೆ ಎತ್ತಿಕೊಳ್ಳಬೇಡಿ. ಕೆಳಗಿನ ಮೂಲ ಪುಟ ತೆರೆದೇ ನೋಡಿ.

ಉತ್ತರ 2: ಇತಿಹಾಸ ಉಪನ್ಯಾಸಕ, ಚಿಕ್ಕಮಗಳೂರು

ಸರ್ ಹೇಳಿದ್ದು ಸರಿ. ಆದರೆ ನನ್ನ ಪ್ರಕಾರ ಪಠ್ಯಕ್ಕಿಂತ ಚಿತ್ರದಲ್ಲೇ ಎಡವಟ್ಟು ಹೆಚ್ಚು. ಬೇಲೂರು ಅಂತ ಹುಡುಕಿದರೆ ಹಳೇಬೀಡು, ಸೋಮನಾಥಪುರ ಎಲ್ಲ ಕಲಸಿಕೊಂಡು ಬರುತ್ತವೆ. 2023ರಲ್ಲಿ ಮೂರೂ ಒಟ್ಟಿಗೆ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲಂತೂ ಒಂದೇ ಸುದ್ದಿಯಲ್ಲಿ ಮೂರರ ಫೋಟೊ ಇರುತ್ತವೆ.

ಚಿತ್ರದ ಕೆಳಗಿನ ಹೆಸರು ನಂಬದೆ ಕಟ್ಟಡವನ್ನೇ ನೋಡಿ. ಗರ್ಭಗುಡಿಗಳ ಮೇಲೆ ಮೂರು ಶಿಖರ ಕಂಡರೆ ಅದು ಸೋಮನಾಥಪುರ, ತ್ರಿಕೂಟ, ಅಂದರೆ ಮೂರು ಗರ್ಭಗುಡಿಯದು. ಶಿಖರವಿಲ್ಲದೆ ಉದ್ದಕ್ಕೆ ಹಬ್ಬಿದ ಗುಡಿ, ಎದುರಿಗೆ ಎರಡು ನಂದಿ ಮಂಟಪ ಇದ್ದರೆ ಹಳೇಬೀಡು, ದ್ವಿಕೂಟ. ಬೇಲೂರಿನ ಚೆನ್ನಕೇಶವ (1117) ಏಕಕೂಟ. ಅದರ ಶಿಖರವೂ ಈಗಿಲ್ಲ. ಫೋಟೊದಲ್ಲಿ ಕಾಣುವ ಎತ್ತರದ ಗೋಪುರ ಹೆಬ್ಬಾಗಿಲಿನದು, ವಿಜಯನಗರ ಕಾಲದ್ದು. ಅದನ್ನೇ ‘ಹೊಯ್ಸಳ ಶಿಖರ’ ಎಂದು ತೋರಿಸುವ ವಿಡಿಯೊಗಳೂ ಇವೆ, ಹುಷಾರು. ಏಕಕೂಟದ ಶಿಖರ ತೋರಿಸಬೇಕಾದರೆ ತರೀಕೆರೆ ತಾಲ್ಲೂಕಿನ ಅಮೃತಾಪುರದ (1196) ಚಿತ್ರ ಹಾಕಿ. ಚತುಷ್ಕೂಟಕ್ಕೆ ಹಾಸನದ ಪಕ್ಕದ ದೊಡ್ಡಗದ್ದವಳ್ಳಿ ಇದ್ದೇ ಇದೆ.

ಅನುಮಾನ ಬಂದ ಫೋಟೊವನ್ನು ಗೂಗಲ್ ಲೆನ್ಸ್‌ಗೆ ಕೊಟ್ಟು ಬೇರೆಲ್ಲೆಲ್ಲಿ ಯಾವ ಹೆಸರಿನಲ್ಲಿದೆ ನೋಡಿ. ಹೆಸರಿಲ್ಲದೆ ನಾಲ್ಕು ಚಿತ್ರ ಟಿವಿಗೆ ಹಾಕಿ, ‘ಗರ್ಭಗುಡಿ ಎಷ್ಟು, ಶಿಖರ ಎಷ್ಟು’ ಎಂದು ಮಕ್ಕಳಿಂದಲೇ ಎಣಿಕೆ ಮಾಡಿಸಿ. ಅದೇ 15 ನಿಮಿಷದ ಪಾಠವಾಗುತ್ತದೆ.

ನಿಮ್ಮೂರಿನ ಶಾಸನ ಬೇಕಿದ್ದರೆ ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳು, ಅಂದರೆ ಎಪಿಗ್ರಾಫಿಯ ಕರ್ನಾಟಿಕ, ಇಂಟರ್ನೆಟ್ ಆರ್ಕೈವ್‌ನಲ್ಲಿದೆ: ಹಾಸನ 5ನೇ ಸಂಪುಟ, ಕಡೂರು ಜಿಲ್ಲೆ (ಈಗಿನ ಚಿಕ್ಕಮಗಳೂರು) 6ನೇದು. ಪರಿಷ್ಕೃತ ಆವೃತ್ತಿಯ ಸಂಪುಟ ಸಂಖ್ಯೆಗಳು ಬೇರೆ, ಗಲಿಬಿಲಿ ಮಾಡಿಕೊಳ್ಳಬೇಡಿ.

ಉತ್ತರ 3: ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರು, ಮೂಡಿಗೆರೆ

ಪೆನ್‌ಡ್ರೈವ್ ವಿಷಯ ನಾನು ಹೇಳ್ತೀನಿ. ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿ. ಎಕ್ಸ್‌ಫ್ಯಾಟ್ ಆಗಿದ್ದರೆ ಎಷ್ಟೋ ಟಿವಿಗಳು ಗುರುತಿಸಲ್ಲ. ಒಂದು ಫೈಲ್ 4 ಜಿಬಿ ಮೀರಬಾರದು, ಪಾಠಕ್ಕೆ ಅಷ್ಟು ಬೇಕಾಗುವುದೂ ಇಲ್ಲ.

ಚಿತ್ರಗಳನ್ನು ಮುಕ್ತ ಬಳಕೆಯ ಚಿತ್ರಗಳ ತಾಣವಾದ ವಿಕಿಮೀಡಿಯ ಕಾಮನ್ಸ್‌ನಿಂದ ತೆಗೆಯಿರಿ, ಲೈಸೆನ್ಸ್ ಅಲ್ಲೇ ಬರೆದಿರುತ್ತದೆ. ಮೂಲ ಫೈಲ್ ಬೇಡ, 1920 ಪಿಕ್ಸೆಲ್ ಆಸುಪಾಸಿನ ಅಗಲದ್ದು ಸಾಕು. ಗೂಗಲ್ ಇಮೇಜಸ್‌ನಿಂದ ನೇರ ಸೇವ್ ಮಾಡಿದರೆ ಎಷ್ಟೋ ಸಲ ಪುಟಾಣಿ ಚಿತ್ರ, ಇಲ್ಲವೇ ವೆಬ್‌ಪಿ ಅನ್ನುವ ಬೇರೆ ಬಗೆಯ ಫೈಲ್ ಸಿಗುತ್ತದೆ. ವೆಬ್‌ಪಿಯನ್ನು ಹೆಚ್ಚಿನ ಟಿವಿಗಳು ತೋರಿಸಲ್ಲ. ಫೈಲ್ ಹೆಸರಿನ ಕೊನೆಗೆ ಜೆಪಿಜಿ ಅಂತ ತಿದ್ದಿದರೂ ಪ್ರಯೋಜನವಿಲ್ಲ. ಪೇಂಟ್‌ನಲ್ಲಿ ತೆರೆದು ಜೆಪಿಜಿ ಆಗಿ ಸೇವ್ ಮಾಡಬೇಕು. ಕಾಮನ್ಸ್‌ನ ವಿಡಿಯೊ ಸಾಮಾನ್ಯವಾಗಿ ವೆಬ್‌ಎಂ; ಹ್ಯಾಂಡ್‌ಬ್ರೇಕ್ ಅನ್ನುವ ತಂತ್ರಾಂಶದಲ್ಲಿ ಅದನ್ನು ಎಂಪಿ4 ಫೈಲ್, ಎಚ್.264 ಕೋಡೆಕ್‌ಗೆ ಬದಲಿಸಿಕೊಳ್ಳಿ. ಎಚ್.265 ಕೊಟ್ಟರೆ ಹಳೇ ಟಿವಿಯಲ್ಲಿ ಸದ್ದು ಬರುತ್ತದೆ, ಚಿತ್ರ ಬರಲ್ಲ.

ಫೈಲ್‌ಗಳಿಗೆ 01, 02 ಅಂತ ಹೆಸರಿಡಿ. ಕನ್ನಡ ಹೆಸರು ಕೆಲವು ಟಿವಿಗಳಲ್ಲಿ ಬರೀ ಚೌಕ ಚೌಕ.

ಮತ್ತೆ ಕೇಳಿದವರು

ತುಂಬಾ ಉಪಯೋಗ ಆಯ್ತು ಸರ್. ಯೂಟ್ಯೂಬ್ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿದ ವಿಡಿಯೊ ಪೆನ್‌ಡ್ರೈವ್‌ಗೆ ಹೋಗುತ್ತಾ? ವಿಡಿಯೊ ಎಷ್ಟು ನಿಮಿಷ ತೋರಿಸಬಹುದು?

ಉತ್ತರ 1ರವರು

ಹೋಗಲ್ಲ ಮೇಡಂ, ಅದು ಆ್ಯಪ್ ಒಳಗೇ ಇರುತ್ತದೆ. ಆಗಾಗ ನೆಟ್‌ಗೂ ಸೇರಿಸಬೇಕು. ಬೇರೆ ತಾಣಗಳ ಮೂಲಕ ಇಳಿಸಿಕೊಳ್ಳುವುದು ಯೂಟ್ಯೂಬ್ ನಿಯಮಕ್ಕೆ ವಿರುದ್ಧ. ಫೋನಿಂದ ಟಿವಿಗೆ ಕೇಬಲ್ ಎಳೆಯೋಣ ಅಂದರೆ, ಟೈಪ್-ಸಿ ಇದ್ದ ಎಲ್ಲ ಫೋನೂ ಎಚ್‌ಡಿಎಂಐಗೆ ಚಿತ್ರ ಕಳಿಸಲ್ಲ. ಅಡಾಪ್ಟರ್ ಕೊಳ್ಳುವ ಮೊದಲು ಅಂಗಡಿಯಲ್ಲೇ ನಿಮ್ಮ ಫೋನ್ ಹಾಕಿ ನೋಡಿ. ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ಪಠ್ಯಪುಸ್ತಕದ ಪಾಠದ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ಮೊದಲೇ ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ.

ಒಂದು ಸಲಕ್ಕೆ 3–4 ನಿಮಿಷ ಸಾಕು. ಹಚ್ಚುವ ಮೊದಲು ಒಂದು ಪ್ರಶ್ನೆ ಬೋರ್ಡ್ ಮೇಲೆ ಬರೆಯಿರಿ; ಎಲ್ಲಿ ನಿಲ್ಲಿಸಬೇಕೆಂದು ನಿಮಿಷ, ಸೆಕೆಂಡ್ ಸಮೇತ ಪಾಠ ಟಿಪ್ಪಣಿಯಲ್ಲಿ ಗುರುತು ಮಾಡಿಟ್ಟುಕೊಳ್ಳಿ. ನೆಟ್ ಇರುವ ದಿನ ಲ್ಯಾಪ್‌ಟಾಪ್‌ನಲ್ಲಿ ಯೂಟ್ಯೂಬ್ ಹಾಕಿದರೆ ಆಟೊಪ್ಲೇ ಆಫ್ ಮಾಡಿ, ರೆಸ್ಟ್ರಿಕ್ಟೆಡ್ ಮೋಡ್ ಆನ್ ಮಾಡಿ. ಕೀಲಿಮಣೆಯಲ್ಲಿ ‘ಕೆ’ ಒತ್ತಿದರೆ ನಿಲ್ಲುತ್ತದೆ, ‘ಜೆ’ 10 ಸೆಕೆಂಡ್ ಹಿಂದಕ್ಕೆ.

ಉತ್ತರ 3ರವರು

ವಿಜ್ಞಾನದವರಿಗೂ ತಿಳಿಸಿ: ಪರದೆಯ ಮೇಲೆ ಪ್ರಯೋಗ ಮಾಡಿ ನೋಡುವ ಫೆಟ್ (PhET) ಸಿಮ್ಯುಲೇಶನ್‌ಗಳಲ್ಲಿ ಹಲವು ಕನ್ನಡದಲ್ಲೇ ಇವೆ. ಎಚ್‌ಟಿಎಂಎಲ್ ಫೈಲ್ ಇಳಿಸಿಕೊಂಡರೆ ಲ್ಯಾಪ್‌ಟಾಪ್ ಬ್ರೌಸರ್‌ನಲ್ಲಿ ನೆಟ್ ಇಲ್ಲದೆ ಓಡುತ್ತವೆ. ಟಿವಿಗೆ ನೇರ ಪೆನ್‌ಡ್ರೈವ್ ಹಾಕಿದರೆ ಆಗಲ್ಲ, ಎಚ್‌ಡಿಎಂಐ ಕೇಬಲ್ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಖ್ಯ ಚಿತ್ರಗಳ ಎ4 ಪ್ರಿಂಟ್ ಒಂದು ಸೆಟ್ ಬೀರುವಿನಲ್ಲಿರಲಿ, ಲ್ಯಾಮಿನೇಶನ್ ಮಾಡಿಸಿ. ನಮ್ಮ ಕಡೆ ಥಂಡಿಗೆ ಬರೀ ಕಾಗದ ಉಳಿಯಲ್ಲ.