ಬಣ್ಣ ಹಚ್ಚುವ ಕಿಟ್‌ನ ಕುದುರೆನಾ ಇದು? ಗುರುತಿಸುವುದು ಹೇಗೆ?

ಪ್ರಶ್ನೆ:
ಹಳೆ ಆಟಿಕೆಗಳ ರಾಶಿಯಲ್ಲಿ ಒಂದು ಪುಟ್ಟ ಕುದುರೆ ಸಿಕ್ಕಿತು. ಮೈಯೆಲ್ಲ ನೇರಳೆ, ಒಂದು ಕಣ್ಣು ದೊಡ್ಡದು, ಇನ್ನೊಂದು ಚಿಕ್ಕದು, ಕಾಲಿನ ಸಂದಿಯಲ್ಲಿ ಮಾತ್ರ ಬಿಳಿ ಪ್ಲಾಸ್ಟಿಕ್ ಇಣುಕುತ್ತಿದೆ. ಹೊಟ್ಟೆ ಕೆಳಗೆ ಬ್ರೇಯರ್ (ಆಟಿಕೆ ಕುದುರೆ ಮಾಡುವ ಕಂಪನಿ) ಅಂತ ಇದೆ, ಜೊತೆಗೆ ಒಂದು ಇಸವಿ. ಸಂಗ್ರಹಕ್ಕೆ ಇಟ್ಟುಕೊಳ್ಳಬಹುದಾ?

ಉತ್ತರ 1:
ಕಿಟ್‌ನದೇ ಇರಬೇಕು. ಬ್ರೇಯರ್‌ನವರ ಪುಟ್ಟ ಕುದುರೆಗಳ ಸ್ಟೇಬಲ್‌ಮೇಟ್ಸ್ ಸಾಲು 1975ರಲ್ಲಿ ಶುರುವಾಯಿತು, ಅಳತೆ 1:32, ಅಂದರೆ ನಿಜ ಕುದುರೆಯ 32ರಲ್ಲಿ ಒಂದು ಪಾಲು. ಅದೇ ಅಚ್ಚುಗಳಲ್ಲಿ ಬಿಳಿ ಕುದುರೆ ಮಾಡಿ ಬಣ್ಣ, ಬ್ರಷ್ ಜೊತೆ ಕಿಟ್ ಆಗಿಯೂ ಮಾರುತ್ತಾರೆ. ಭೂತಗನ್ನಡಿಯಲ್ಲಿ ನೋಡಿ. ಕಾರ್ಖಾನೆಯ ಬಣ್ಣ ತೆಳ್ಳಗೆ, ಒಂದೇ ಸಮ ಇರುತ್ತದೆ. ಕೈಯಲ್ಲಿ ಹಚ್ಚಿದ್ದಾದರೆ ಬ್ರಷ್‌ನ ಗೆರೆ ಕಾಣುತ್ತದೆ, ಕೆಲವೊಮ್ಮೆ ಬ್ರಷ್‌ನ ಕೂದಲೇ ಬಣ್ಣದಲ್ಲಿ ಅಂಟಿಕೊಂಡಿರುತ್ತದೆ. ಆದರೆ ಮಾಮೂಲಿ ಕುದುರೆಯ ಮೇಲೆ ಯಾರೋ ಮತ್ತೆ ಬಣ್ಣ ಬಳಿದಿರಲೂಬಹುದು, ಅದಕ್ಕೇ ಸಿಪ್ಪೆ ಎದ್ದ ಕಡೆ ಕೆಳಗೆ ಇನ್ನೊಂದು ಬಣ್ಣ ಇದೆಯಾ ನೋಡಿಕೊಳ್ಳಿ.

ಉತ್ತರ 2:
ಆ ಇಸವಿ ನೋಡಿ ಮೋಸ ಹೋಗಬೇಡಿ. ಅದು ಅಚ್ಚಿನ ಇಸವಿ, ಅದೇ ಅಚ್ಚಿನಲ್ಲಿ ವರ್ಷಗಟ್ಟಲೆ ಕುದುರೆಗಳು ಬರುತ್ತವೆ. ನಿಂತ ಭಂಗಿ, ಬಾಲದ ತಿರುವು, ಜೂಲು ಯಾವ ಕಡೆ ಬಿದ್ದಿದೆ ಅನ್ನೋದನ್ನು ಹೋಲಿಸಿದರೆ ಅಚ್ಚು ಯಾವುದು ಅಂತ ಗೊತ್ತಾಗುತ್ತದೆ.

ಉತ್ತರ 3:
ಬಣ್ಣ ತೆಗೆಯೋಕೆ ಅಂತ ದಯವಿಟ್ಟು ಅಸಿಟೋನ್ (ನೇಲ್ ಪಾಲಿಶ್ ತೆಗೆಯುವ ದ್ರವ) ಹಾಕಬೇಡಿ, ಪ್ಲಾಸ್ಟಿಕ್ಕೇ ಕರಗುತ್ತದೆ! ನನ್ನದೊಂದರ ಮುಖವೇ ಹಾಗೆ ಹಾಳಾಯಿತು, ಈಗಲೂ ಹೊಟ್ಟೆ ಉರಿಯುತ್ತದೆ. ಬಣ್ಣ ತೆಗೆಯುವುದೇ ಯಾಕೆ? ಯಾವುದೋ ಮಗು ಕೂತು ಹಚ್ಚಿದ್ದು ಅಲ್ವಾ, ಅಂಥದ್ದು ಇನ್ನೊಂದು ಸಿಗಲ್ಲ.

ಪ್ರಶ್ನೆ ಕೇಳಿದವರು:
ಈಗಷ್ಟೇ ನೋಡಿದೆ, ಬಾಲದ ಬುಡದಲ್ಲಿ ಒಂದು ಬ್ರಷ್ ಕೂದಲು ಇದೆ! ಕೆಳಗೆ ಬರೀ ಬಿಳಿ. ನೇರಳೆ ಹಾಗೇ ಇರಲಿ, ಒಣ ಬಟ್ಟೆಯಲ್ಲಿ ಧೂಳು ಒರೆಸಿ ಇಡುತ್ತೇನೆ.